ನಾಲೆ ನೀರು ಎಷ್ಟು ಅನ್ನೋದಷ್ಟೇ ಅಲ್ಲ, ಯಾವತ್ತು ಅನ್ನೋದೂ ಗೊತ್ತಾಗಬೇಕು

ಹನೂರು ಕಡೆ ನೀರಿನ ಮಾತು ಬಂದರೆ ಮೊದಲ ಪ್ರಶ್ನೆ ಒಂದೇ: ಉಡುತೊರೆಹಳ್ಳ ಜಲಾಶಯ ಎಷ್ಟು ತುಂಬಿದೆ? ಕೊಳ್ಳೇಗಾಲದ ಕಡೆಯವರು ಗುಂಡಾಲ್ ಬಗ್ಗೆ ಇದನ್ನೇ ಕೇಳ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನಿಸೋದು ಇನ್ನೊಂದು ಪ್ರಶ್ನೆ. ನಮ್ಮ ತೂಬಿಗೆ ನೀರು ಯಾವ ದಿನ ಬರುತ್ತೆ, ಎಷ್ಟು ಗಂಟೆ ಹರಿಯುತ್ತೆ?

ಮುಸುಕಿನ ಜೋಳ ಹೂ ಬಿಟ್ಟು ತೆನೆ ಕಟ್ಟುವ ಹೊತ್ತಲ್ಲಿ ನೀರು ತಪ್ಪಿದರೆ, ಆಮೇಲೆ ಎಷ್ಟು ಹಾಯಿಸಿದರೂ ಕಾಳು ತುಂಬಲ್ಲ. ಜೀವಾಮೃತ ಕೊಡೋಕೂ ಮಣ್ಣು ಹಸಿ ಇರಬೇಕು. ಸೋಗೆ, ತರಗೆಲೆ ಮುಚ್ಚಿಗೆ ಹಾಕಿದರೆ ನಾಲ್ಕಾರು ದಿನ ತಡೆದುಕೊಳ್ಳಬಹುದು, ಆದರೆ ಎಷ್ಟು ದಿನ ತಡೆಯಬೇಕು ಅನ್ನೋದು ಗೊತ್ತಿರಬೇಕಲ್ಲ? ತಾರೀಕು ಗೊತ್ತಿಲ್ಲದ ರೈತ ನಾಲೆ ನಂಬಲ್ಲ, ಸಾಲ ಮಾಡಿ ಬೋರ್ ಕೊರೆಸ್ತಾನೆ. ಅದು ಫೇಲಾದರೆ ಇನ್ನೊಂದು. ನಮ್ಮ ಊರುಗಳ ಸಾಲದ ಕಥೆ ಬಹುಪಾಲು ಇಲ್ಲೇ ಶುರುವಾಗುತ್ತೆ.

ನಮ್ಮ ಭಾಗದ ನೀರಾವರಿ ನೋಡಿಕೊಳ್ಳೋದು ಕಾವೇರಿ ನೀರಾವರಿ ನಿಗಮ. 2003ರಲ್ಲಿ ಶುರುವಾದ ಇದು ಸರ್ಕಾರದ್ದೇ ಆದ ಕಂಪನಿ. ಕಂಪನಿ ಅಂದಮೇಲೆ ನಾವು ಗಿರಾಕಿಗಳು. ಹಾಲಿನ ಡೈರಿಯವರು ಲೀಟರ್ ಅಳೆದು ಚೀಟಿ ಕೊಡ್ತಾರೆ. ನೀರಿಗೆ ಯಾಕೆ ಅಳತೆ, ಚೀಟಿ ಬೇಡ?

ಲೆಕ್ಕ ಕಷ್ಟ ಇಲ್ಲ. 1 ಕ್ಯುಸೆಕ್ ಅಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್. ಅದು ಒಂದು ಗಂಟೆ ಹರಿದರೆ ಸುಮಾರು 1.02 ಲಕ್ಷ ಲೀಟರ್, ಅಂದರೆ ಒಂದು ಎಕರೆಗೆ ಹೆಚ್ಚುಕಮ್ಮಿ ಒಂದು ಇಂಚು ನೀರು. ನಿಮ್ಮ ತೂಬಿನ ಕೆಳಗೆ 10 ಎಕರೆ ಇದ್ದು ಎರಡೆರಡು ಇಂಚು ಬೇಕಾದರೆ 20 ಗಂಟೆ. ಮಣ್ಣಿನ ಕಾಲುವೆಯಲ್ಲಿ ಇಂಗಿ ಹೋಗೋದು ಇದರ ಮೇಲೆ. ಬೋರ್‌ವೆಲ್ ಇದ್ದರೆ 200 ಲೀಟರ್ ಡ್ರಮ್ ಇಟ್ಟು ನೋಡಿ: 50 ಸೆಕೆಂಡಿಗೆ ತುಂಬಿದರೆ ಅದೇ ಒಂದು ಇಂಚಿಗೆ ಸುಮಾರು 7 ಗಂಟೆ ಮೋಟರ್ ಓಡಬೇಕು.

ಪೈಪು ಹಾಕಿದರೆ ಎಲ್ಲ ಸರಿಹೋಗುತ್ತೆ ಅನ್ನೋರೂ ಇದ್ದಾರೆ. ಬಾಗಲಕೋಟೆ ಜಿಲ್ಲೆ ಹುನಗುಂದ ಕಡೆಯ ರಾಮಥಾಳ ಯೋಜನೆಯಲ್ಲಿ ಸುಮಾರು 24,000 ಹೆಕ್ಟೇರಿಗೆ ಹನಿ ನೀರಾವರಿ ರೂಪಿಸಿದರು. ಹೊಲಹೊಲಕ್ಕೆ ಪೈಪು ಬಂದರೂ ವಾಲ್ವ್ ತಿರುಗಿಸುವ ಸರದಿ, ಫಿಲ್ಟರ್ ತೊಳೆಯುವ ಕೆಲಸ, ಅಕ್ಕಪಕ್ಕದವರ ಒಪ್ಪಂದ ಇದ್ದೇ ಇರುತ್ತೆ. ಪೈಪು ಸೋರಿಕೆ ತಡೆಯುತ್ತೆ, ಜಗಳ ತಡೆಯಲ್ಲ.

ನನ್ನ ಬೇಡಿಕೆ ಮೂರು. ಹಂಗಾಮಿಗೆ ಮೊದಲೇ ತೂಬುವಾರು ಸರದಿ ಪಟ್ಟಿ ಪಂಚಾಯ್ತಿ ಬೋರ್ಡಿನಲ್ಲೂ ವಾಟ್ಸಾಪಿನಲ್ಲೂ ಬರಲಿ. ತೂಬಿನ ಹತ್ತಿರ ಅಳತೆ ಪಟ್ಟಿ ಇರಲಿ. ನೀರು ಕಮ್ಮಿ ಇರುವ ವರ್ಷ ಮೊದಲ ಸರದಿ ನಾಲೆಯ ಕೊನೆ ಭಾಗದವರಿಗೆ ಸಿಗಲಿ. ಮಳೆ ಕೈಕೊಟ್ಟರೆ ತಾರೀಕು ಹೇಳೋದು ಹೇಗೆ ಅಂತ ಅಧಿಕಾರಿಗಳು ಕೇಳಬಹುದು. ನೀರು ಇಲ್ಲ ಅಂತಾದರೆ ಬಿತ್ತನೆಗೆ ಮುಂಚೆ ಅದನ್ನೇ ಹೇಳಿ. ರಾಗಿ, ಹುರುಳಿ ಹಾಕ್ಕೊಂಡು ಬದುಕ್ತೀವಿ.

ನಮ್ಮ ಕಡೆಯಿಂದಲೂ ಶಿಸ್ತು ಬೇಕು. ಸರದಿ ಇಲ್ಲದ ದಿನ ನಾಲೆಗೆ ಮೋಟರ್ ಇಳಿಸಿದರೆ ಕೆಳಗಿನವನ ಬೆಳೆಗೇ ಕೈಹಾಕಿದ ಹಾಗೆ. 2000ರಲ್ಲಿ ಆದ ನೀರಾವರಿ ಕಾಯ್ದೆ ತಿದ್ದುಪಡಿಯಿಂದ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಕಾನೂನಿನ ಬಲ ಇದೆ. ಸಂಘ ಇದ್ದರೆ ಸದಸ್ಯರಾಗಿ, ಸಭೆಗೆ ಹೋಗಿ. ಹಿರಿಯರ ಕೆಲಸ ಅಂತ ಬಿಡಬೇಡಿ.

ಈ ಸಲ ನೀರು ಬಿಟ್ಟಾಗ ದಿನಾ ಬೆಳಗ್ಗೆ, ಸಂಜೆ ನಿಮ್ಮ ತೂಬಿನ ಫೋಟೋ ತೆಗೆದು ತಾರೀಕು, ಗಂಟೆ ಬರೆದಿಡಿ. ನಾಲ್ಕು ತೂಬುಗಳ ಒಂದು ಹಂಗಾಮಿನ ದಾಖಲೆ ಕೈಯಲ್ಲಿದ್ದರೆ, ಆಫೀಸಿನಲ್ಲಿ "ನೀರು ಬಿಟ್ಟಿದ್ದೀವಲ್ಲ" ಅನ್ನೋ ಒಂದೇ ಮಾತಿಗೆ ನೀವು ವಾಪಸ್ ಬರಬೇಕಾಗಿಲ್ಲ.