ಆಪತ್ತಿಗೆ ಒದಗುವ ಉದ್ಯೋಗ

ಪಳನಿಗೆ ಹೋಗಿಬಂದ ನಮ್ಮವರಿಗೆ ದಿಂಡಿಗಲ್ ಜಿಲ್ಲೆ ಅಪರಿಚಿತವಲ್ಲ. ಅಲ್ಲಿಂದ ತೆಂಕಣಕ್ಕೆ ಸರಿದರೆ ತೇನಿ, ಕಂಬಂ ಕಣಿವೆ. ಕಪ್ಪಿಲಿಯರು, ಅನುಪ್ಪರು ಎಂಬ ಕನ್ನಡ ಮಾತಿನ ಕುಟುಂಬಗಳು ತಲೆತಲಾಂತರದಿಂದ ಬಾಳುತ್ತಿರುವ ಸೀಮೆಯಿದು. ಪಡುವಣದ ಬೆಟ್ಟ ದಾಟಿದರೆ ಕೇರಳದ ಇಡುಕ್ಕಿ. ಅದೂ ನಮ್ಮಂತೆಯೇ ಗಡಿನಾಡು. ಆ ಪ್ರದೇಶದಲ್ಲಿ ಕೆಲವು ವರ್ಷಗಳ ಅಂತರದಲ್ಲಿ ಸಂಭವಿಸಿದ ಎರಡು ದುರಂತಗಳನ್ನು ಇಂದು ಓದುಗರ ಮುಂದಿಡುತ್ತಿದ್ದೇವೆ. ಅದಕ್ಕೆ ಕಾರಣ ನಮ್ಮ ಜಿಲ್ಲೆಯೇ.

2018ರ ಮಾರ್ಚ್ 11ರಂದು ಬೋಡಿನಾಯಕನೂರಿನ ಮೇಲಿರುವ ಕುರಂಗಣಿ ಬೆಟ್ಟದಲ್ಲಿ ಕಾಡ್ಗಿಚ್ಚೆದ್ದಿತು. ಚಾರಣಕ್ಕೆ ಬಂದಿದ್ದವರು ಒಣಹುಲ್ಲಿನ ಇಳಿಜಾರಿನಲ್ಲಿ ಸಿಕ್ಕಿಬಿದ್ದರು. ಕೆಲವರು ಅಲ್ಲಿಯೇ ಅಸುನೀಗಿದರೆ ಇನ್ನು ಕೆಲವರು ದಿನಗಟ್ಟಲೆ ಆಸ್ಪತ್ರೆಯಲ್ಲಿ ನರಳಿ ತೀರಿಕೊಂಡರು. ಒಟ್ಟು ಇಪ್ಪತ್ತಕ್ಕೂ ಹೆಚ್ಚು ಜೀವಗಳು ಹೋದವು. ವಾಯುಪಡೆಯ ಹೆಲಿಕಾಪ್ಟರುಗಳು ಬಂದವು, ಗರುಡ ಕಮಾಂಡೋಗಳು ಬಂದರು. ಆದರೆ ಗಾಯಾಳುಗಳ ಬಳಿಗೆ ಮೊದಲು ಓಡಿದವರು ಬೆಟ್ಟದ ಊರವರು. ಅವರು ಬಟ್ಟೆ, ಕಂಬಳಿಗಳಲ್ಲಿ ಜೋಲಿ ಕಟ್ಟಿ ಸುಟ್ಟ ಮೈಯವರನ್ನು ಹೊತ್ತು ಇಳಿಸಿದರು. ಅವರ ಧೈರ್ಯಕ್ಕೆ ಕೈಮುಗಿಯಬೇಕು. ಆದರೆ ಮೈ ಬಹಳವಾಗಿ ಸುಟ್ಟವನ ದೇಹದ ನೀರಿನಂಶ ಗಂಟೆಗಂಟೆಗೂ ಸೋರಿಹೋಗುತ್ತದೆ. ಹೊಗೆ ಕುಡಿದಿದ್ದರೆ ಗಂಟಲು ಊದಿ ಉಸಿರಿನ ದಾರಿಯೇ ಮುಚ್ಚಬಹುದು. ಆ ಹೊತ್ತಿನಲ್ಲಿ ರಕ್ತನಾಳಕ್ಕೆ ಸೂಜಿ ಹಾಕಿ ದ್ರವ ಕೊಡಬಲ್ಲವನು, ಯಾರನ್ನು ಮೊದಲು ಸಾಗಿಸಬೇಕೆಂದು ವಿಂಗಡಿಸಬಲ್ಲವನು ಪಕ್ಕದಲ್ಲಿರಬೇಕು. ಗಟ್ಟಿಯಾಗಿ ಕೂಗುವವನೇ ಹೆಚ್ಚು ಗಾಯಗೊಂಡವನಲ್ಲ, ದನಿಯೇ ಏಳದವನು ಆತನಿಗಿಂತ ಅಪಾಯದಲ್ಲಿರಬಹುದು. ಇದು ಕರುಣೆಯಿಂದ ತಾನಾಗಿ ಬರುವ ತಿಳಿವಳಿಕೆಯಲ್ಲ, ಕಲಿತು ಬರಬೇಕಾದದ್ದು.

ಎರಡನೆಯದು 2024ರ ಡಿಸೆಂಬರ್ 12ರ ರಾತ್ರಿಯ ಸಂಗತಿ. ದಿಂಡಿಗಲ್ ಪಟ್ಟಣದ ಖಾಸಗಿ ಆಸ್ಪತ್ರೆಯೊಂದಕ್ಕೆ ಬೆಂಕಿ ಬಿದ್ದು ಆರು ಮಂದಿ ಸತ್ತರು, ಅವರಲ್ಲಿ ಒಂದು ಮಗುವೂ ಇತ್ತು. ಲಿಫ್ಟಿನೊಳಗೆ ಸಿಕ್ಕವರು ಹೊಗೆಯಿಂದ ಉಸಿರುಗಟ್ಟಿದರು. ಬೆಂಕಿ ಬಿದ್ದಾಗ ಲಿಫ್ಟ್ ಹತ್ತಬಾರದೆಂಬುದು ಎಷ್ಟು ಹಳೆಯ ಪಾಠ! ಮಲಗಿದ ರೋಗಿಯನ್ನು ಮೆಟ್ಟಿಲಿನಲ್ಲಿ ಇಳಿಸುವುದು ಹೇಗೆಂದು ವರ್ಷಕ್ಕೊಮ್ಮೆಯಾದರೂ ಅಭ್ಯಾಸ ಮಾಡಿಸುವ ಆಸ್ಪತ್ರೆಗಳು ನಮ್ಮ ಸುತ್ತಮುತ್ತ ಎಷ್ಟಿವೆ? ಓದುಗರೇ ವಿಚಾರಿಸಿ ನೋಡಲಿ.

ಇಂಥ ಕೆಲಸ ಈಗ ಒಂದು ವೃತ್ತಿಯಾಗಿ ಬೆಳೆದಿದೆ. 2005ರಲ್ಲಿ ವಿಪತ್ತು ನಿರ್ವಹಣಾ ಕಾಯಿದೆ ಬಂತು. ಅದರ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಕಲೆಕ್ಟರರ ಅಧ್ಯಕ್ಷತೆಯ ಪ್ರಾಧಿಕಾರವಿದೆ. 108ರ ಆಂಬುಲೆನ್ಸು 2008ರಲ್ಲಿ ತಮಿಳುನಾಡಿಗೂ ಕರ್ನಾಟಕಕ್ಕೂ, 2019ರಲ್ಲಿ 'ಕನಿವ್' ಎಂಬ ಹೆಸರಿನಲ್ಲಿ ಇಡೀ ಕೇರಳಕ್ಕೂ ಬಂತು. ತುರ್ತು ಚಿಕಿತ್ಸೆಯಲ್ಲಿ ಎಂ.ಡಿ. ಪದವಿಗೆ 2009ರಲ್ಲಿ ಮಾನ್ಯತೆ ದೊರೆಯಿತು. ನರ್ಸಿಂಗ್ ಕಲಿತವರಿಗೆ, ತಂತ್ರಜ್ಞರಿಗೆ, ಅಷ್ಟೇಕೆ, ಕರೆ ಸ್ವೀಕರಿಸುವವರಿಗೂ ಇಲ್ಲಿ ಕೆಲಸವುಂಟು. ಸಂಬಳ ದೊಡ್ಡದಲ್ಲ, ರಾತ್ರಿ ಪಾಳಿ ತಪ್ಪದು, ಕಂಡ ನೋಟಗಳು ನಿದ್ದೆಗೆಡಿಸುತ್ತವೆ. ಇದನ್ನು ಮುಚ್ಚಿಟ್ಟು ಮಕ್ಕಳನ್ನು ಹುರಿದುಂಬಿಸುವುದು ನಮಗೆ ಸರಿಕಾಣದು. ಆದರೂ ಪ್ಲಸ್ ಟು ಮುಗಿದೊಡನೆ ಮಂಗಳೂರಿನ ಇಂಜಿನಿಯರಿಂಗ್ ಸೀಟಿನಿಂದಾಚೆ ಕಣ್ಣು ಹಾಯಿಸದ ಹಿರಿಯರು ಇದರ ಕಡೆಗೂ ಒಮ್ಮೆ ನೋಡಲಿ.

2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದ್ದನ್ನು, ಒಳದಾರಿಗಳಿಗೆ ಮಣ್ಣು ಸುರಿದದ್ದನ್ನು ಯಾರೂ ಮರೆತಿಲ್ಲ. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ದಾರಿ ಸಿಗದೆ ಸತ್ತರು. ಕೇರಳ ಹೈಕೋರ್ಟು ಏಪ್ರಿಲ್ 1ರಂದು ದಾರಿ ಬಿಡಿಸಲು ಕೇಂದ್ರಕ್ಕೆ ಆದೇಶಿಸಿತು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಉಕ್ಕಿನಡ್ಕದಲ್ಲಿ 2013ರಲ್ಲಿ ಅಡಿಗಲ್ಲು ಹಾಕಿದ್ದ ಮೆಡಿಕಲ್ ಕಾಲೇಜಿನ ಕಟ್ಟಡವನ್ನು ಆಗ ತರಾತುರಿಯಲ್ಲಿ ಕೋವಿಡ್ ಆಸ್ಪತ್ರೆಯಾಗಿಸಲಾಯಿತು. ಮಂಗಳೂರು ಹತ್ತಿರವಿದೆಯೆಂಬ ನಮ್ಮ ನೆಮ್ಮದಿ ಎಷ್ಟು ತೆಳುವಾದದ್ದೆಂದು ಆ ಕೆಲವು ವಾರಗಳು ತೋರಿಸಿದವು.

ಭಾಷೆಯ ಮಾತೂ ಇಲ್ಲಿಯೇ ಬರುತ್ತದೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯ ಮೇರೆಗೆ ನಾವು ಸರಕಾರಕ್ಕೆ ಕನ್ನಡದಲ್ಲಿ ಅರ್ಜಿ ಬರೆಯಬಹುದು, ಕನ್ನಡದಲ್ಲೇ ಉತ್ತರ ಪಡೆಯಬಹುದು. ಆದರೆ ಎದೆನೋವು ಬಂದವನು ಅರ್ಜಿ ಬರೆಯುತ್ತಾನೆಯೇ? ಅವನು 108 ಒತ್ತುತ್ತಾನೆ. ಎಣ್ಮಕಜೆಯ ಒಳಭಾಗದ ಅಜ್ಜಿಯೊಬ್ಬಳು ರಾತ್ರಿ ಎರಡು ಗಂಟೆಗೆ ಕರೆ ಮಾಡಿ, ತೋಟದ ನಡುವಿನ ತನ್ನ ಮನೆಯ ದಾರಿಯನ್ನು ದೂರದ ತಿರುವನಂತಪುರದ ಕೇಂದ್ರಕ್ಕೆ ತನಗೆ ಬಾರದ ಮಲಯಾಳದಲ್ಲಿ ಹೇಗೆ ವಿವರಿಸಬೇಕು? ಆಂಬುಲೆನ್ಸು ತಪ್ಪು ತಿರುವಿನಲ್ಲಿ ಕಳೆದುಕೊಳ್ಳುವ ಹತ್ತು ನಿಮಿಷಕ್ಕೆ ಯಾವ ಕಾಯಿದೆಯಲ್ಲಿ ಪರಿಹಾರವಿದೆ?

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕರೆಗಳಿಗೆ ಕನ್ನಡ, ತುಳು ಬಲ್ಲವರನ್ನು ಹಗಲೂ ರಾತ್ರಿಯೂ ನೇಮಿಸಬೇಕೆಂದು ಜಿಲ್ಲಾ ಪ್ರಾಧಿಕಾರವನ್ನು ಒತ್ತಾಯಿಸುವುದು ನಮ್ಮ ಪಂಚಾಯತು ಸದಸ್ಯರ ಹೊಣೆ. ಆ ಹುದ್ದೆಗಳಿಗೆ ಅರ್ಜಿ ಕರೆದ ದಿನ, ತರಬೇತಿ ಪಡೆದ ಹತ್ತು ಮಂದಿ ಕನ್ನಡದ ಹುಡುಗ ಹುಡುಗಿಯರಾದರೂ ನಮ್ಮಲ್ಲಿ ಸಿದ್ಧರಿರಬೇಕು.