ಮಳೆಗೆಂದು ಹಾಕಿದ ಮಣ್ಣು, ಭೂಕಂಪಕ್ಕೆ ಭಾರ

ಮಾಳಿಗೆ ಸೋರಿದರೆ ಮೇಲೆ ಮತ್ತಷ್ಟು ಮಣ್ಣು ಹಾಕುವುದು ನಮ್ಮ ಕಡೆ ಹಳೆಯ ರೂಢಿ. ಮಳೆಗೆ ಅದು ಸರಿಯಾದ ಉಪಾಯವೇ. ಆದರೆ ಇಪ್ಪತ್ತು ವರ್ಷ ಹೀಗೇ ಹಾಕುತ್ತ ಹೋದರೆ ತಲೆಯ ಮೇಲಿನ ಭಾರ ಎಷ್ಟಾಯಿತು? ಭೂಮಿ ನಡುಗಿದರೆ ಅಷ್ಟೂ ಮಣ್ಣು ಮಲಗಿದವರ ಮೇಲೆ ಬೀಳುತ್ತದೆ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಆದದ್ದು ಇದೇ. ನಮ್ಮ ಬೀದರ್ ಜಿಲ್ಲೆಯಲ್ಲೂ ಆ ಭೂಕಂಪ ನಿದ್ದೆಗೆಡಿಸಿತ್ತು. ಅದರ ತೀವ್ರತೆ 6.2. ಸತ್ತವರು ಸಾವಿರಾರು ಜನ. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು, ಮಣ್ಣು ತುಂಬಿದ ಮಾಳಿಗೆಗಳು ಅವರನ್ನು ಕೊಂದವು. ಆಗಿನ ನಕ್ಷೆಯಲ್ಲಿ ಕಿಲ್ಲಾರಿ ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು ಎಂಬುದನ್ನೂ ಮರೆಯಬಾರದು.

ಸರ್ಕಾರದ ಪಟ್ಟಿಯಲ್ಲಿ ಬರ, ನೆರೆ, ಆಲಿಕಲ್ಲು, ಭೂಕಂಪ ಒಂದೊಂದೂ ಬೇರೆ ಸಾಲು. ಊರಿಗೆ ಮಾತ್ರ ಅವು ಹಾಗೆ ಸಾಲು ಹಿಡಿದು ಬರುವುದಿಲ್ಲ, ಒಂದರ ಕೈ ಒಂದು ಹಿಡಿದು ಬರುತ್ತವೆ. ಒಂದಕ್ಕೆ ಮಾಡಿಕೊಂಡ ಉಪಾಯ ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತದೆ. ಆದ್ದರಿಂದ ಅಪಾಯಗಳನ್ನು ಬಿಡಿಬಿಡಿಯಾಗಿ ಅಲ್ಲ, ಕೂಡಿಸಿ ಲೆಕ್ಕ ಹಾಕಬೇಕು ಎನ್ನುವುದು ನಮ್ಮ ವಾದ.

ಪಕ್ಕದ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ನೋಡಿ. 2021ರ ಅಕ್ಟೋಬರ್‌ನಲ್ಲಿ ಅಲ್ಲಿ ಮೇಲಿಂದ ಮೇಲೆ ಭೂಮಿ ಕಂಪಿಸಿತು. ಅಕ್ಟೋಬರ್ 11ರ ರಾತ್ರಿಯ ಕಂಪನ 4.1ರಷ್ಟಿತ್ತು. ಜೋರು ಮಳೆಯ ನೀರು ನೆಲದಾಳದ ಬಿರುಕುಗಳಿಗೆ ಇಳಿದು ಒತ್ತಡ ಹೆಚ್ಚಿದಾಗ ಇಂಥ ಸಣ್ಣ ಕಂಪನ ಆಗಬಹುದು ಎಂದು ತಜ್ಞರು ವಿವರಿಸಿದರು. ಅದೇ ಮಳೆ ಮಣ್ಣಿನ ಗೋಡೆಗಳನ್ನೂ ನೆನೆಸಿರುತ್ತದೆ. ಒಣಗಿದ ಗೋಡೆ ತಡೆದುಕೊಳ್ಳುವ ಪೆಟ್ಟನ್ನು ನೆನೆದ ಗೋಡೆ ತಡೆಯದು. ಹೆದರಿದ ಜನ ಮನೆ ಬಿಟ್ಟು ಬಯಲಿನಲ್ಲಿ ಮಲಗಿದರು. ಮಳೆಗಾಲದ ಬಯಲೆಂದರೆ ಸಿಡಿಲಿನ ಭಯ, ಹಾವಿನ ಭಯ. ಒಳಗಿದ್ದರೆ ಗೋಡೆಯ ಚಿಂತೆ, ಹೊರಗಿದ್ದರೆ ಮುಗಿಲಿನ ಚಿಂತೆ.

ಹಾಗಾದರೆ ಮಾಳಿಗೆ ತೆಗೆದು ಪತ್ರಾ ಹಾಕಿದರೆ ಆಯಿತೇ? ಭಾರವೇನೋ ಇಳಿಯುತ್ತದೆ. ಆದರೆ ಬಿರುಗಾಳಿಗೆ ಹಾರಬಾರದೆಂದು ಅದರ ಮೇಲೆ ಕಲ್ಲು ಹೇರುತ್ತೇವೆ. ನೆಲ ನಡುಗಿದರೆ ಮೊದಲು ಉರುಳುವುದು ಆ ಕಲ್ಲುಗಳೇ. ಕಲ್ಲಿನ ಬದಲು ಪತ್ರಾವನ್ನು ಕೆಳಗಿನ ಚೌಕಟ್ಟಿಗೆ ಬೋಲ್ಟ್ ಹಾಕಿ ಬಿಗಿಯಬೇಕು. ಒಂದೇ ಕೆಲಸದಿಂದ ಎರಡು ಅಪಾಯ ತಗ್ಗುತ್ತವೆ.

ಪಂಚಾಯಿತಿಯಲ್ಲಿ ದುಡ್ಡಿಲ್ಲ ಎನ್ನುವವರಿದ್ದಾರೆ. ಎಲ್ಲ ಹಳೆ ಮನೆಗಳನ್ನೂ ಕೆಡವಿ ಕಟ್ಟಲು ದುಡ್ಡಿಲ್ಲ, ನಿಜ. ಆದರೆ ಕಿಲ್ಲಾರಿಯ ನಂತರ ಎಂಜಿನಿಯರುಗಳು ಹೇಳಿದ ಕೆಲಸಗಳು ದೊಡ್ಡವೇನಲ್ಲ. ಮಾಳಿಗೆಯ ಹೆಚ್ಚುವರಿ ಮಣ್ಣು ಇಳಿಸಿ, ಸೋರದಂತೆ ತೆಳುವಾದ ಹೊದಿಕೆ ಹಾಕುವುದು. ದಪ್ಪ ಗೋಡೆಯ ಎರಡು ಮೈಗಳು ಬಿಟ್ಟುಕೊಳ್ಳದಂತೆ ಆಚೆಯಿಂದ ಈಚೆಗೆ ಹಾಯುವ ಉದ್ದ ಕಲ್ಲುಗಳನ್ನು ಕೂಡಿಸುವುದು. ಮೂಲೆಗಳನ್ನು ಭದ್ರಪಡಿಸುವುದು. ಊರಿನ ಗೌಂಡಿಗಳಿಗೆ ತೋರಿಸಿಕೊಟ್ಟರೆ ಅವರೇ ಮಾಡಬಲ್ಲರು.

ಪಟ್ಟಿ ಮಾಡಲಂತೂ ಖರ್ಚೇ ಇಲ್ಲ. ನಿರ್ಣಾ ಆಗಲಿ, ಸುತ್ತಲಿನ ಹಳ್ಳಿಗಳಾಗಲಿ, ಮುಂಗಾರಿಗೆ ಮುಂಚೆ ಪಂಚಾಯಿತಿ ಸದಸ್ಯರು, ಆಶಾ ಕಾರ್ಯಕರ್ತೆಯರು, ಗೌಂಡಿಗಳು ಓಣಿ ಓಣಿ ಸುತ್ತಲಿ. ಮನೆಗೊಂದು ಸಾಲು ಬರೆಯಲಿ: ಗೋಡೆ ಯಾವುದರದ್ದು? ಮಳೆನೀರು ಬುಡದಲ್ಲಿ ನಿಲ್ಲುತ್ತದೆಯೇ? ಒಳಗೆ ಮಲಗುವ ಮುದುಕರು, ಮಕ್ಕಳು ಎಷ್ಟು? ಮನೆ ಬಿಡಬೇಕಾಗಿ ಬಂದರೆ ಹೋಗುವುದೆಲ್ಲಿಗೆ? ಬಯಲಿಗೂ ಮರದಡಿಗೂ ಅಲ್ಲ, ಗಟ್ಟಿ ಗೋಡೆಯ, ಹಗುರ ಚಾವಣಿಯ ಒಂದು ಜಾಗವನ್ನು ಮೊದಲೇ ಗೊತ್ತು ಮಾಡಿರಬೇಕು. ಸಿಡಿಲಿನ ಮುನ್ಸೂಚನೆ ಕೊಡುವ ದಾಮಿನಿ ಆ್ಯಪ್ ಓಣಿಗೊಂದು ಫೋನಿನಲ್ಲಾದರೂ ಇರಲಿ.

ಒಂದಕ್ಕಿಂತ ಹೆಚ್ಚು ಅಪಾಯ ಕೂಡಿದ ಮನೆಗಳಿಗೆ ರಿಪೇರಿಯಲ್ಲಿ ಮೊದಲ ಸರದಿ ಸಿಗಬೇಕು. ವಶೀಲಿ ಇದ್ದವರಿಗೆ ಅಲ್ಲ.

ಮುಂದಿನ ಗ್ರಾಮಸಭೆಯಲ್ಲಿ ಈ ಪಟ್ಟಿ ಎಲ್ಲಿದೆ ಎಂದು ಕೇಳಿ. ಇಲ್ಲ ಎಂದರೆ, ಯಾವ ತಾರೀಕಿಗೆ ಮಾಡುತ್ತೀರಿ ಎಂದು ಕೇಳಿ, ಉತ್ತರವನ್ನು ಠರಾವಿನಲ್ಲಿ ಬರೆಸಿ.