ಅಗ್ಗದ ಕಾಫಿಪುಡಿಯ ಲೆಕ್ಕ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆ ಚಹಾದ್ದೇ ದರಬಾರು. ಕಾಫಿಯ ಪರಿಚಯ ನಮಗೆ ಅಷ್ಟಕ್ಕಷ್ಟೇ. ಈಚೆಗೆ ಒಂದು ಸಂಸ್ಥೆಯವರು ಸಿಬ್ಬಂದಿಗೆ ಕಾಫಿಪುಡಿ ಪೂರೈಸುವವರನ್ನು ಆರಿಸಲು ಕರೆದ ಸಭೆಗೆ ನಾನೂ ಹೋಗಿದ್ದೆ. ಕಿಲೋಗೆ 530 ರೂಪಾಯಿ ಎಂದವರಿಗೆ ಎಲ್ಲರೂ ತಲೆದೂಗಿದರು. 720 ಎಂದವರನ್ನು ಬದಿಗಿಟ್ಟರು. ನಾನು ಪೊಟ್ಟಣಗಳ ಮೇಲಿನ ಬರಹ ಓದಿದೆ. ಮೊದಲನೆಯದರಲ್ಲಿ ಕಾಫಿ ಶೇ. 53, ಎರಡನೆಯದರಲ್ಲಿ ಶೇ. 80, ಉಳಿದದ್ದು ಚಿಕೋರಿ.

ಎರಡೂ ಕಾನೂನುಬದ್ಧವೇ. ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆಯಿರಬಾರದು, ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು, ಅಷ್ಟೇ. ಚಿಕೋರಿಯೇನೂ ವಿಷವಲ್ಲ, ಹುರಿದ ಬೇರಿನ ಪುಡಿ. ಆದರೆ ಅದನ್ನು ಲೆಕ್ಕದಿಂದ ತೆಗೆದರೆ ಅಗ್ಗದವರ ಕಾಫಿ ಕಿಲೋಗೆ 1000 ರೂಪಾಯಿ, ದುಬಾರಿಯವರದು 900!

“ಚಹಾ ಕುಡಿಯೋ ಮಂದಿಗೆ ಇದೆಲ್ಲ ಏನ್ ತಿಳೀತದ್ರೀ ಗುರುಗಳ?” ಎಂದರು ಒಬ್ಬರು. ತಿಳಿಯದವನೇ ಅಲ್ಲವೇ ಮೊದಲು ಕೇಳಬೇಕಾದವನು? ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟನ್ನು ಬೆಳೆಯುವ ನಾಡಿನವರು ನಾವು. ದರಪಟ್ಟಿ ತರಿಸುವಾಗಲೇ ಕಾಫಿಯ ಪ್ರಮಾಣವನ್ನೂ ಪುಡಿ ಮಾಡಿದ ದಿನಾಂಕವನ್ನೂ ಬರೆಯಿಸಿಕೊಳ್ಳಿರಿ. ಹಣ ಸಂಸ್ಥೆಯದೆಂದು ಕಣ್ಣುಮುಚ್ಚಿ ಸಹಿ ಹಾಕುವುದು ಮಿತವ್ಯಯವಲ್ಲ, ಬೇಜವಾಬ್ದಾರಿ.